ನೇರ ಹ್ಯಾಂಡಲ್ ಹಾಕಿದ ಮೇಲೆ ರೋಡ್ ಬೈಕ್ ಕಾಟ ಕೊಡ್ತಿದೆಯಾ? ತೊಂದರೆ ಎಲ್ಲಿದೆ ಅಂತ ಹೀಗೆ ಹುಡುಕಿ

ಭಾನುವಾರ ಬೆಳಗಿನ ಜಾವ ಎದ್ದು ನಂದಿ ಬೆಟ್ಟದ ಕಡೆ ಹೋಗೋಕೆ ರೋಡ್ ಬೈಕ್‌ನಷ್ಟು ಚೆಂದ ಬೇರೊಂದಿಲ್ಲ. ಅದೇ ಸೈಕಲ್‌ನಲ್ಲಿ ಸೋಮವಾರ ವಿಜಯನಗರದಿಂದ ಮಲ್ಲೇಶ್ವರಕ್ಕೆ ಕೆಲಸಕ್ಕೆ ಹೊರಟರೆ ಮಾತ್ರ ಕಥೆಯೇ ಬೇರೆ. ಬಣ್ಣ ಮಾಸಿದ ಹಂಪು, ಎಡದಿಂದ ನುಗ್ಗುವ ಸ್ಕೂಟರ್, ಕೈ ತೋರಿಸಿದ ಕಡೆ ನಿಲ್ಲುವ ಆಟೊ. ಇಲ್ಲಿ ತಲೆ ಎತ್ತಿ ನೋಡಬೇಕು, ಎರಡು ಬೆರಳು ಯಾವಾಗಲೂ ಬ್ರೇಕ್ ಮೇಲೇ ಇರಬೇಕು. ಅದಕ್ಕೇ ನಾನು ಟಗರಿನ ಕೊಂಬಿನ ಹಾಗೆ ಬಾಗಿದ ಡ್ರಾಪ್ ಹ್ಯಾಂಡಲ್ ತೆಗೆದು ನೇರ ಹ್ಯಾಂಡಲ್ ಹಾಕಿದೆ.

ಮೊದಲ ತಿಂಗಳು ಒಂದಲ್ಲ ಒಂದು ತೊಂದರೆ. ಒಂದೊಂದನ್ನೇ ಬಿಚ್ಚಿ ನೋಡಿದಾಗ ಗೊತ್ತಾಗಿದ್ದು ಇಷ್ಟು: ಯಾವ ಭಾಗವೂ ಕೆಟ್ಟಿರಲಿಲ್ಲ. ಲಿವರ್ ಚೆನ್ನಾಗಿತ್ತು, ಬ್ರೇಕ್ ಚೆನ್ನಾಗಿತ್ತು, ಆದರೆ ಅವೆರಡೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹ್ಯಾಂಡಲ್ ಬದಲಿಸಿದ ಸೈಕಲ್‌ಗಳ ಬಹುಪಾಲು ತೊಂದರೆ ಇದೇ ಜಾತಿಯದು. ಹಾಗಾಗಿ ಹೊಸ ಸಾಮಾನು ತರೋಕೆ ಅಂಗಡಿಗೆ ಓಡುವ ಮೊದಲು, ನಿಮಗೆ ಕಾಣುತ್ತಿರುವ ಲಕ್ಷಣ ಯಾವುದು ಅಂತ ಇಲ್ಲಿ ನೋಡಿಕೊಳ್ಳಿ.

ಇವು ಕಂಡರೆ ಸೈಕಲ್ ಹತ್ತಬೇಡಿ

ಹ್ಯಾಂಡಲ್ ಮೇಲೆ ಭಾರ ಹಾಕಿದಾಗ ಸ್ಟೆಮ್ (ಹ್ಯಾಂಡಲನ್ನು ಸೈಕಲ್‌ಗೆ ಹಿಡಿದಿಡುವ ತುಂಡು) ಒಳಗೆ ಅದು ತಿರುಗಿದರೆ, ಬ್ರೇಕ್ ಲಿವರ್ ಒತ್ತಿದಾಗ ಹ್ಯಾಂಡಲ್‌ಗೆ ತಾಗಿದರೆ, ಬ್ರೇಕ್ ವೈರ್‌ನ ಎಳೆಗಳು ಒಂದೆರಡು ಕಿತ್ತು ನಿಂತಿದ್ದರೆ, ಹ್ಯಾಂಡಲ್ ಅಥವಾ ಸ್ಟೆಮ್ ಮೇಲೆ ಕೂದಲಿನಷ್ಟು ಬಿರುಕು ಕಂಡರೂ, ಅವತ್ತು ಬಸ್ಸಿಗೆ ಹೋಗಿ. ಗೇರ್ ಕೆಟ್ಟರೆ ತಡವಾಗುತ್ತದೆ ಅಷ್ಟೇ. ಬ್ರೇಕು, ಹ್ಯಾಂಡಲ್ ಕೈಕೊಟ್ಟರೆ ಹಿಂದೆ ಬರುವ ಬಸ್ಸಿನ ಮುಂದೆ ಬೀಳುತ್ತೇವೆ.

ಹಂಪ್ ಮೇಲೆ ಹೋದಾಗ ಹ್ಯಾಂಡಲ್ ಸ್ವಲ್ಪ ಕೆಳಕ್ಕೆ ತಿರುಗಿದ ಹಾಗಾಗುತ್ತದೆ

ಮೊದಲು ಖರ್ಚಿಲ್ಲದ ಪರೀಕ್ಷೆ. ಸೈಕಲ್ ಮುಂದೆ ನಿಂತು ಮುಂದಿನ ಚಕ್ರವನ್ನು ಎರಡು ಮೊಣಕಾಲ ನಡುವೆ ಹಿಡಿದುಕೊಳ್ಳಿ. ಹ್ಯಾಂಡಲ್‌ನ ಎರಡೂ ತುದಿ ಮೇಲೆ ಕೈ ಇಟ್ಟು ಮೈಭಾರ ಹಾಕಿ ಒತ್ತಿ. ಕೂದಲೆಳೆಯಷ್ಟೂ ತಿರುಗಬಾರದು.

ತಿರುಗಿದರೆ ಸ್ಟೆಮ್‌ನ ಮುಂದಿನ ಮುಚ್ಚಳದ ಬೋಲ್ಟ್ ನೋಡಿ. ನಾಲ್ಕು ಬೋಲ್ಟ್ ಇದ್ದರೆ ಮೂಲೆಯಿಂದ ಎದುರು ಮೂಲೆಗೆ ಅನ್ನುವ ಹಾಗೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಸಾಮಾನ್ಯವಾಗಿ ಮೇಲಿನ ಸಂದು, ಕೆಳಗಿನ ಸಂದು ಎರಡೂ ಸಮ ಇರಬೇಕು. ಎಷ್ಟು ಬಿಗಿ ಅಂತ ಸ್ಟೆಮ್ ಮೇಲೇ ಬರೆದಿರುತ್ತದೆ. ಹೆಚ್ಚಿನವುಗಳಲ್ಲಿ ಅದು 5ರಿಂದ 6 ನ್ಯೂಟನ್ ಮೀಟರ್. ಹ್ಯಾಂಡಲ್ ಕೂರುವ ಜಾಗದಲ್ಲಿ ಗ್ರೀಸ್ ಮೆತ್ತಿದ್ದರೆ ಒರೆಸಿ ತೆಗೆಯಿರಿ.

ಇಷ್ಟಾದರೂ ತಿರುಗಿದರೆ ಇನ್ನಷ್ಟು ಬಲ ಹಾಕಬೇಡಿ. ಅಳತೆಯೇ ತಪ್ಪಿರುವ ಸಾಧ್ಯತೆ ಜಾಸ್ತಿ. ಸ್ಟೆಮ್ ಹಿಡಿಯುವ ಜಾಗದಲ್ಲಿ ಹ್ಯಾಂಡಲ್ ದಪ್ಪ ಹೆಚ್ಚಾಗಿ ಮೂರು ಬಗೆ: ಈಚಿನ ಸೈಕಲ್‌ಗಳಲ್ಲಿ 31.8 ಮಿ.ಮೀ., ಹಳೆಯ ರೋಡ್ ಬೈಕ್‌ಗಳಲ್ಲಿ 26.0, ಹಳೆಯ ನೇರ ಹ್ಯಾಂಡಲ್‌ಗಳಲ್ಲಿ 25.4. ಮೋಸ ಆಗೋದು ಕೊನೆಯ ಎರಡರ ನಡುವೆ. ವ್ಯತ್ಯಾಸ ಬರೀ 0.6 ಮಿ.ಮೀ. ಹಳೆಯ ರೋಡ್ ಸ್ಟೆಮ್ ಒಳಗೆ ಹಳೆಯ ನೇರ ಹ್ಯಾಂಡಲ್ ಹಾಯಾಗಿ ಕೂರುತ್ತದೆ, ಬೋಲ್ಟ್ ಕೂಡ ಬಿಗಿಯಾಗುತ್ತದೆ. ಕಣ್ಣಿಗೆ ಏನೂ ಗೊತ್ತಾಗೋದಿಲ್ಲ. ಗುಂಡಿಗೆ ಇಳಿದಾಗಲೇ ಗೊತ್ತಾಗೋದು.

ವರ್ನಿಯರ್ ಇಲ್ಲದಿದ್ದರೂ ಅಳೆಯಬಹುದು. ಹ್ಯಾಂಡಲ್‌ನ ನಡುಭಾಗಕ್ಕೆ ಒಂದು ಪೇಪರ್ ಪಟ್ಟಿ ಒಂದು ಸುತ್ತು ಸುತ್ತಿ, ಸೇರುವಲ್ಲಿ ಗುರುತು ಹಾಕಿ, ಬಿಚ್ಚಿ ಸ್ಕೇಲ್ ಮೇಲಿಡಿ. 10 ಸೆಂ.ಮೀ. ಬಂದರೆ ಅದು 31.8. ಹತ್ತಿರ ಹತ್ತಿರ 8.2 ಬಂದರೆ 26.0. 8 ಬಂದರೆ 25.4. ಇಷ್ಟು ಸಣ್ಣ ಫರಕು ಆದ್ದರಿಂದ ಎರಡು ಮೂರು ಸಲ ಅಳೆಯಿರಿ. ಅಳತೆ ಹೊಂದದಿದ್ದರೆ ಸರಿಯಾದ ಸ್ಟೆಮ್ಮೇ ತನ್ನಿ. ತಂಪು ಪಾನೀಯದ ಡಬ್ಬ ಕತ್ತರಿಸಿ ನಡುವೆ ತುರುಕುವವರಿದ್ದಾರೆ. ದಯವಿಟ್ಟು ಬೇಡ.

ಬ್ರೇಕ್ ಲಿವರ್ ಕಲ್ಲಿನ ಹಾಗೆ ಗಟ್ಟಿ, ಆದರೂ ಸೈಕಲ್ ನಿಲ್ಲೋದಿಲ್ಲ

ಹ್ಯಾಂಡಲ್ ಬದಲಿಸಿದವರು ಹೇಳುವ ದೂರುಗಳಲ್ಲಿ ನನಗೆ ಜಾಸ್ತಿ ಭಯ ಆಗೋದು ಇದಕ್ಕೇ. ಯಾಕಂದ್ರೆ ಗಟ್ಟಿ ಲಿವರ್ ಹಿಡಿದಾಗ ಬ್ರೇಕ್ ಚೆನ್ನಾಗಿದೆ ಅಂತಲೇ ಅನಿಸುತ್ತದೆ.

ಮೊದಲು ರಿಮ್ ಒರೆಸಿ. ಕೆಲಸ ಮಾಡುವಾಗ ಎಣ್ಣೆ ಕೈ ತಾಗಿರುತ್ತದೆ. ಬ್ರೇಕ್ ರಬ್ಬರ್ ರಿಮ್ ಮೇಲೇ ಸರಿಯಾಗಿ ಕೂರುತ್ತಿದೆಯಾ, ಟೈರಿಗೆ ತಾಗುತ್ತಿದೆಯಾ ನೋಡಿ. ಆಮೇಲೆ ಬ್ರೇಕ್ ಹತ್ತಿರ ವೈರ್ ಬಿಚ್ಚಿ, ಬ್ರೇಕಿನ ಎರಡು ತೋಳನ್ನು ಕೈಯಿಂದ ಒತ್ತಿ ಬಿಡಿ. ಸಲೀಸಾಗಿ ಹೋಗಿ ಬಂದರೆ ಬ್ರೇಕಿನಲ್ಲಿ ತಪ್ಪಿಲ್ಲ. ಬಿಚ್ಚಿದ ವೈರನ್ನು ಹಿಡಿದು ಔಟರ್ (ವೈರ್ ಓಡಾಡುವ ಹೊರಕೊಳವೆ) ಒಳಗೆ ಹಿಂದೆ ಮುಂದೆ ಎಳೆದು ನೋಡಿ. ಕಿರಕಿರ ಅಂದರೆ ಔಟರ್ ಒಳಗೆ ತುಕ್ಕು ಅಥವಾ ಮಣ್ಣು ಇದೆ. ಎರಡು ಮಳೆಗಾಲ ಕಂಡ ಔಟರ್ ಆದರೆ ಯೋಚನೆ ಮಾಡದೆ ಬದಲಿಸಿ.

ಇದೆಲ್ಲ ಸರಿಯಿದ್ದರೆ ಲಿವರ್ ಜಾತಿ ನೋಡಬೇಕು. ರೋಡ್ ಬೈಕ್‌ನ ಕ್ಯಾಲಿಪರ್ ಬ್ರೇಕಿಗೆ (ರಿಮ್ ಅನ್ನು ಮೇಲಿನಿಂದ ಇಕ್ಕಳದ ಹಾಗೆ ಹಿಡಿಯುವಂಥದ್ದು) ವೈರ್ ಕಡಿಮೆ ಎಳೆಯುವ ಲಿವರ್ ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ನೇರ ಹ್ಯಾಂಡಲ್ ಲಿವರ್‌ಗಳು ಹೆಚ್ಚಾಗಿ ಉದ್ದ ತೋಳಿನ ವಿ-ಬ್ರೇಕಿಗೆ ಮಾಡಿದವು. ಅವು ಹೆಚ್ಚುಕಡಿಮೆ ಎರಡರಷ್ಟು ವೈರ್ ಎಳೆಯುತ್ತವೆ. ಜಾಸ್ತಿ ಎಳೆದರೆ ಒಳ್ಳೆಯದೇ ಅಲ್ವಾ ಅನಿಸಬಹುದು. ಬಾವಿಯ ರಾಟೆ ನೆನಪಿಸಿಕೊಳ್ಳಿ. ದೊಡ್ಡ ಸುತ್ತಿನ ರಾಟೆ ಒಂದು ತಿರುವಿಗೆ ಜಾಸ್ತಿ ಹಗ್ಗ ಸುತ್ತುತ್ತದೆ, ಆದರೆ ಕೊಡವೂ ಅಷ್ಟೇ ಜಾಸ್ತಿ ಭಾರ ಎನಿಸುತ್ತದೆ. ಇಲ್ಲೂ ಹಾಗೇ. ಲಿವರ್ ಸ್ವಲ್ಪ ಒತ್ತಿದ ಕೂಡಲೇ ರಬ್ಬರ್ ರಿಮ್‌ಗೆ ತಾಗಿ ಗಟ್ಟಿಯಾಗುತ್ತದೆ, ಆದರೆ ಬೆರಳಿನ ಬಲ ಅರ್ಧಕ್ಕರ್ಧ ಕಮ್ಮಿಯಾಗಿ ರಿಮ್ ತಲುಪುತ್ತದೆ.

ಇದಕ್ಕೆ ಸೆಟ್ಟಿಂಗ್ ಮಾಡಿ ಪರಿಹಾರ ಇಲ್ಲ. ವೈರ್ ಬಿಗಿ, ಸಡಿಲ ಏನು ಮಾಡಿದರೂ ಅಷ್ಟೇ. ಕ್ಯಾಲಿಪರ್‌ಗೆ ಹೊಂದುವ ಲಿವರ್ ಹಾಕಬೇಕು. ಕೊಳ್ಳುವಾಗ 'ರೋಡ್ ಕ್ಯಾಲಿಪರ್ ಬ್ರೇಕಿಗೆ ಆಗುವ ನೇರ ಹ್ಯಾಂಡಲ್ ಲಿವರ್' ಅಂತ ಬಿಡಿಸಿ ಕೇಳಿ. ಕೆಲವು ಲಿವರ್‌ಗಳಲ್ಲಿ ವೈರ್ ಸಿಕ್ಕಿಸುವ ಜಾಗವನ್ನೇ ಎರಡು ಕಡೆ ಬದಲಿಸಬಹುದು. ನಿಮ್ಮದು ಅಂಥದ್ದಾ ಅಂತ ಮೊದಲು ನೋಡಿ, ದುಡ್ಡು ಉಳಿಯುತ್ತದೆ. ಕ್ಯಾಂಟಿಲಿವರ್ ಬ್ರೇಕಿಗೂ, ರೋಡ್ ಬೈಕಿನ ವೈರ್ ಡಿಸ್ಕ್ ಬ್ರೇಕಿಗೂ ಇದೇ ಕಡಿಮೆ ಎಳೆತದ ಲಿವರ್ ಬೇಕು.

ಲಿವರ್ ಮೆತ್ತಗೆ, ಒತ್ತಿದರೆ ಹ್ಯಾಂಡಲ್‌ವರೆಗೆ ಬರುತ್ತದೆ

ಹೆಚ್ಚಿನ ಸಲ ವೈರ್ ಸಡಿಲ ಇರುತ್ತದೆ ಅಷ್ಟೇ. ಲಿವರ್ ಹತ್ತಿರದ ಅಡ್ಜಸ್ಟರ್ ಅನ್ನುವ ತಿರುಪನ್ನು ಸ್ವಲ್ಪ ಸ್ವಲ್ಪವೇ ಹೊರಕ್ಕೆ ತಿರುಗಿಸುತ್ತಾ ಬನ್ನಿ, ಸಾಲದಿದ್ದರೆ ಬ್ರೇಕ್ ಹತ್ತಿರ ವೈರ್ ಎಳೆದು ಕಟ್ಟಿ. ಹೊಸ ಔಟರ್ ಆದರೆ ಮೊದಲ ಕೆಲವು ದಿನ ತನ್ನ ಜಾಗದಲ್ಲಿ ಕೂರುತ್ತಾ ಸಡಿಲಾಗುತ್ತದೆ. ಲಿವರನ್ನು ಜೋರಾಗಿ ಹತ್ತು ಸಲ ಒತ್ತಿ ಮತ್ತೆ ಎಳೆದು ಕಟ್ಟಿದರೆ ಮುಗಿಯಿತು.

ಆದರೂ ಮೆತ್ತಗಿದ್ದರೆ ಔಟರ್ ನೋಡಿ. ಬ್ರೇಕ್ ಔಟರ್ ಸಾಮಾನ್ಯವಾಗಿ 5 ಮಿ.ಮೀ. ದಪ್ಪ, ಒಳಗೆ ಸ್ಪ್ರಿಂಗಿನ ಹಾಗೆ ಸುತ್ತಿದ ತಂತಿ ಇರುತ್ತದೆ. ಗೇರ್ ಔಟರ್ 4 ಮಿ.ಮೀ., ಒಳಗೆ ಉದ್ದುದ್ದ ಎಳೆಗಳು. ಮನೆಯಲ್ಲಿ ಉಳಿದಿತ್ತು ಅಂತ ಗೇರ್ ಔಟರನ್ನು ಬ್ರೇಕಿಗೆ ಹಾಕಿದ್ದರೆ ಈಗಲೇ ತೆಗೆಯಿರಿ. ಜೋರಾಗಿ ಬ್ರೇಕ್ ಹಿಡಿದ ದಿನ ಅದು ಸೀಳಿಕೊಳ್ಳುತ್ತದೆ. ಜೋರಾಗಿ ಬ್ರೇಕ್ ಹಿಡಿಯುವ ದಿನವೇ ನಮಗೆ ಬ್ರೇಕ್ ಬೇಕಾಗಿರುತ್ತದೆ.

ಇನ್ನು ವೈರಿನ ತಲೆ. ಇದನ್ನು ನಾನು ಅನುಭವಿಸಿದ್ದೇನೆ. ಡ್ರಾಪ್ ಹ್ಯಾಂಡಲ್ ಲಿವರ್‌ನ ಬ್ರೇಕ್ ವೈರಿನ ತಲೆ ಪೇರ್ ಹಣ್ಣಿನ ಆಕಾರ. ನೇರ ಹ್ಯಾಂಡಲ್ ಲಿವರಿನದು ಸಣ್ಣ ಡ್ರಮ್ಮಿನ ಆಕಾರ. ವೈರ್ ಇನ್ನೂ ಹೊಸದಿತ್ತು ಅಂತ ನಾನು ಹಳೆಯದನ್ನೇ ಬಳಸಿದೆ. ತಲೆ ಲಿವರ್ ಒಳಗೆ ಸ್ವಲ್ಪ ಓರೆಯಾಗಿ ಕೂತಿತು. ಮೂರನೇ ವಾರ, ನವರಂಗ್ ಹತ್ತಿರ ಸಿಗ್ನಲ್‌ನಲ್ಲಿ ಲಿವರ್ ಎಂದಿಗಿಂತ ಒಂದು ಬೆರಳು ಜಾಸ್ತಿ ಒಳಗೆ ಬಂತು. ಸೈಕಲನ್ನು ಫುಟ್‌ಪಾತಿಗೆ ಹತ್ತಿಸಿ ಲಿವರ್ ಪೂರ್ತಿ ಒತ್ತಿ ಮೊಬೈಲ್ ಬೆಳಕಲ್ಲಿ ಇಣುಕಿದೆ. ತಲೆಯ ಬುಡದಲ್ಲಿ ವೈರಿನ ಎಳೆಗಳು ಹಳೆ ಪೊರಕೆಯ ಹಾಗೆ ಕೆದರಿ ನಿಂತಿದ್ದವು. ಬೆರಳು ಇಟ್ಟರೆ ಚುಚ್ಚುತ್ತಿತ್ತು. ಉಳಿದ ಐದಾರು ಎಳೆಗಳ ಮೇಲೆ ನನ್ನ ಮುಂದಿನ ಬ್ರೇಕ್ ನೇತಾಡುತ್ತಿತ್ತು. ಅಲ್ಲಿಂದ ಮನೆಗೆ ತಳ್ಳಿಕೊಂಡೇ ಬಂದೆ. ಹೊಸ ಲಿವರ್ ಹಾಕಿದಾಗ ಹೊಸ ಬ್ರೇಕ್ ವೈರ್ ಹಾಕಿ. ಇಡೀ ಕೆಲಸದಲ್ಲಿ ಇದಕ್ಕಿಂತ ಅಗ್ಗದ ಸಾಮಾನು ಇಲ್ಲ.

ಇನ್ನೊಂದು ಮಾತು. ಬಲಗೈ ಮುಂದಿನ ಬ್ರೇಕಾ, ಹಿಂದಿನದಾ ಅಂತ ಜೋಡಿಸುವಾಗಲೇ ಗಮನಿಸಿ. ಮೋಟಾರ್ ಬೈಕ್‌ನಲ್ಲಿ ಬಲಗೈ ಲಿವರ್ ಮುಂದಿನದು, ನಮ್ಮಲ್ಲಿ ಬಹಳ ಜನರ ಕೈಗೆ ಅದೇ ರೂಢಿ. ಅದಲುಬದಲಾದರೆ ಗಾಬರಿಯಲ್ಲಿ ತಪ್ಪು ಕೈ ಒತ್ತುತ್ತದೆ.

ಗೇರ್ ಒಂದೆರಡು ಕಡೆ ಸರಿ, ಮಿಕ್ಕ ಕಡೆ ಕಟಕಟ

ಗೇರ್ ವಿಷಯದಲ್ಲಿ ತೊಂದರೆ ಹೇಗೆ ಕಾಣುತ್ತದೆ ಅನ್ನುವುದೇ ಅರ್ಧ ಉತ್ತರ. ಹಿಂದಿನ ಚಕ್ರ ಎತ್ತಿ ಹಿಡಿದು, ಪೆಡಲ್ ತಿರುಗಿಸುತ್ತಾ ಒಂದೊಂದೇ ಕ್ಲಿಕ್ ಹಾಕಿ, ನಿಧಾನವಾಗಿ ನೋಡಿ.

ಎಲ್ಲ ಗೇರ್‌ಗಳಲ್ಲೂ ಒಂದೇ ಥರ ಸ್ವಲ್ಪ ಸದ್ದು ಬಂದರೆ ವೈರ್ ಎಳೆತ ಹೆಚ್ಚುಕಡಿಮೆಯಾಗಿದೆ. ಅಡ್ಜಸ್ಟರ್ ಕಾಲು ಸುತ್ತು ಆಚೆ ಈಚೆ ಮಾಡಿದರೆ ಸರಿಹೋಗುತ್ತದೆ. ದೊಡ್ಡ ಹಲ್ಲುಚಕ್ರದ ಕಡೆಗೆ ಚೆನ್ನಾಗಿ ಏರುತ್ತದೆ, ಸಣ್ಣದಕ್ಕೆ ಇಳಿಯೋಕೆ ತಡ ಮಾಡುತ್ತದೆ ಅಂದರೆ ಔಟರ್ ಒಳಗೆ ಬಿಗಿತ ಇದೆ. ಏರಿಸುವಾಗ ನಿಮ್ಮ ಹೆಬ್ಬೆರಳು ಎಳೆಯುತ್ತದೆ, ಇಳಿಸುವಾಗ ಎಳೆಯಬೇಕಾದ್ದು ಡಿರೇಲರ್ (ಚೈನನ್ನು ಪಕ್ಕಕ್ಕೆ ತಳ್ಳುವ ಭಾಗ) ಸ್ಪ್ರಿಂಗ್ ಒಂದೇ. ಕೊನೆಯ ಗೇರ್ ಒಂದಕ್ಕೆ ಮಾತ್ರ ಹೋಗದಿದ್ದರೆ ಡಿರೇಲರನ್ನು ಕೊನೆಯಲ್ಲಿ ತಡೆಯುವ ಮಿತಿ ಸ್ಕ್ರೂ ನೋಡಬೇಕು, ಇಲ್ಲವೇ ಡಿರೇಲರ್ ನೇತುಹಾಕುವ ಹ್ಯಾಂಗರ್ ಬಾಗಿರಬೇಕು. ಹ್ಯಾಂಗರ್ ನೇರ ಮಾಡೋಕೆ ಅಳತೆಯ ಸಲಕರಣೆ ಬೇಕು, ಅಂಗಡಿಗೇ ಕೊಡಿ.

ಆದರೆ ತಪ್ಪು ಒಂದೊಂದು ಕ್ಲಿಕ್‌ಗೂ ಬೆಳೆಯುತ್ತಾ ಹೋದರೆ, ಮೊದಲ ಗೇರ್ ಸರಿ, ಎರಡನೆಯದು ಸ್ವಲ್ಪ ಆಚೆ, ಮೂರನೆಯ ಕ್ಲಿಕ್‌ಗೆ ಒಂದು ಗೇರೇ ಹಾರಿಹೋಯಿತು ಅಂದರೆ, ಶಿಫ್ಟರ್ (ಗೇರ್ ಬದಲಿಸುವ ಲಿವರ್) ಮತ್ತು ಡಿರೇಲರ್ ಜೋಡಿ ತಪ್ಪು.

ಶಿಮಾನೊ ಲೆಕ್ಕ ಹೇಳುತ್ತೇನೆ, ಹೆಚ್ಚಿನವರ ಹತ್ತಿರ ಇರೋದು ಅದೇ. 8 ಮತ್ತು 9 ಸ್ಪೀಡ್‌ನಲ್ಲಿ (ಹಿಂದೆ ಅಷ್ಟು ಹಲ್ಲುಚಕ್ರ ಇರುವವು) ರೋಡ್ ಬೈಕಿಗೂ ಮೌಂಟನ್ ಬೈಕಿಗೂ ಹಿಂದಿನ ಗೇರ್‌ನ ವೈರ್ ಎಳೆತ ಹೆಚ್ಚಾಗಿ ಒಂದೇ. ಹಾಗಾಗಿ ಕ್ಲಾರಿಸ್ ಅನ್ನುವ 8 ಸ್ಪೀಡ್ ರೋಡ್ ಗೇರ್ ಸೆಟ್ ಇರುವ ಸೈಕಲ್‌ಗೆ 8 ಸ್ಪೀಡ್ ಮೌಂಟನ್ ಶಿಫ್ಟರ್ ಹಾಕಿದರೆ ಹಿಂದಿನ ಗೇರ್ ಸರಿಯಾಗಿ ನಡೆಯುತ್ತದೆ. 10 ಸ್ಪೀಡ್‌ನಿಂದ ದಾರಿ ಬೇರೆಯಾಯಿತು. ಮೌಂಟನ್ 10 ಸ್ಪೀಡ್ ಶಿಫ್ಟರ್ ಒಂದು ಕ್ಲಿಕ್‌ಗೆ ಸುಮಾರು 3.4 ಮಿ.ಮೀ. ವೈರ್ ಎಳೆಯುತ್ತದೆ. ರೋಡ್ ಬೈಕಿನ ಹಳೆಯ 10 ಸ್ಪೀಡ್ ಡಿರೇಲರ್ ಅದನ್ನು 1.7 ಪಟ್ಟು ಮಾಡಿ ಚೈನನ್ನು 5.8 ಮಿ.ಮೀ. ಆಚೆ ತಳ್ಳುತ್ತದೆ. ಪಕ್ಕಪಕ್ಕದ ಹಲ್ಲುಚಕ್ರಗಳ ನಡುವಿನ ಅಂತರ 4 ಮಿ.ಮೀ.ಗೂ ಒಂಚೂರು ಕಮ್ಮಿ. ಎರಡು ಕ್ಲಿಕ್‌ಗೆ ಮೂರು ಗೇರ್ ದಾಟಿತು, ನೋಡಿ. ಇಲ್ಲಿ ಅಡ್ಜಸ್ಟರ್ ತಿರುಗಿಸುತ್ತಾ ಕೂತರೆ ಸುಮ್ನೆ ಸಂಜೆ ಹಾಳು. 11 ಸ್ಪೀಡ್‌ನಲ್ಲೂ ರೋಡ್, ಮೌಂಟನ್ ಬೇರೆ ಬೇರೆ. ಟಿಯಾಗ್ರಾ 4700 ಅನ್ನುವ 10 ಸ್ಪೀಡ್ ರೋಡ್ ಗೇರ್ ಸೆಟ್ ಕೂಡ ಹಳೆಯ 10 ಸ್ಪೀಡ್ ಜೊತೆ ಕೂಡುವುದಿಲ್ಲ. ನೇರ ಹ್ಯಾಂಡಲ್‌ಗೆ ಅಂತಲೇ ಮಾಡಿದ ರೋಡ್ ಶಿಫ್ಟರ್‌ಗಳು ಬರುತ್ತವೆ, ಅವನ್ನೇ ಕೇಳಿ ತನ್ನಿ.

ಮುಂದಿನ ಗೇರ್ ಇನ್ನೂ ಹಠಮಾರಿ. 8 ಸ್ಪೀಡ್ ಆದರೂ ಮೌಂಟನ್ ಎಡಗೈ ಶಿಫ್ಟರ್ ರೋಡ್ ಬೈಕಿನ ಮುಂದಿನ ಡಿರೇಲರ್‌ಗೆ ಸರಿಯಾಗಿ ಹೊಂದೋದಿಲ್ಲ. ಚೈನು ಪೆಡಲ್ ಹತ್ತಿರದ ದೊಡ್ಡ ಹಲ್ಲುಚಕ್ರಕ್ಕೆ ಏರುತ್ತದೆ ಆದರೆ ಉಜ್ಜುತ್ತದೆ, ಅಥವಾ ಏರುವುದೇ ಇಲ್ಲ. ಇದಕ್ಕೆ ನನಗೆ ಹಿಡಿಸಿದ ಪರಿಹಾರ ಕ್ಲಿಕ್ ಇಲ್ಲದ ಹೆಬ್ಬೆರಳ ಶಿಫ್ಟರ್. ಎಷ್ಟು ಬೇಕೋ ಅಷ್ಟು ತಳ್ಳಿದರೆ ಆಯಿತು, ಹೆಚ್ಚುಕಡಿಮೆ ಯಾವ ಡಿರೇಲರ್ ಆದರೂ ನಡೆಯುತ್ತದೆ, ಬೆಲೆಯೂ ಕಮ್ಮಿ.

ಹ್ಯಾಂಡಲ್ ತಿರುಗಿಸಿದಾಗ ಗೇರ್ ತಾನೇ ಬದಲಾಗುತ್ತದೆ, ಅಥವಾ ಬ್ರೇಕ್ ಹಿಡಿಯುತ್ತದೆ

ಔಟರ್ ಗಿಡ್ಡ. ನೇರ ಹ್ಯಾಂಡಲ್ ಅಗಲ ಜಾಸ್ತಿ, ಹಳೆ ಔಟರ್ ಅಷ್ಟು ದೂರ ಬರೋದಿಲ್ಲ. ಸೈಕಲ್ ನಿಂತಿದ್ದಾಗ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಯಾವ ಔಟರ್ ಬಿಲ್ಲಿನ ದಾರದ ಹಾಗೆ ಬಿಗಿಯುತ್ತದೋ ಅದೇ ಕಳ್ಳ. ಬದಲಿಸೋದೊಂದೇ ದಾರಿ. ಬಿಗಿಯದಿದ್ದರೂ ಗೇರ್ ಹಾರಿದರೆ ಔಟರಿನ ತುದಿ ತನ್ನ ಗೂಡಿನಲ್ಲಿ ಪೂರ್ತಿ ಕೂತಿಲ್ಲ. ಕತ್ತರಿಸಿದ ತುದಿ ಚಪ್ಪಟೆಯಾಗಿದ್ದರೆ ದಬ್ಬಣದಿಂದ ತೂತು ಬಿಡಿಸಿ, ಅರದಿಂದ ಮಟ್ಟಸ ಮಾಡಿ, ಟೋಪಿ ಹಾಕಿ ಕೂರಿಸಿ. ತೀರಾ ಉದ್ದ ಬಿಟ್ಟರೂ ತೊಂದರೆ: ಮುಂದೆ ದೊಡ್ಡ ಕುಣಿಕೆಯಾಗಿ ಪಕ್ಕದ ಸ್ಕೂಟರಿನ ಕನ್ನಡಿಗೆ ಸಿಕ್ಕಿಕೊಳ್ಳುತ್ತದೆ.

ಮುಂದಿನ ಬ್ರೇಕ್ ಹಿಡಿದಾಗ ಟಕ್ ಅನ್ನುತ್ತದೆ

ಹೆಚ್ಚಾಗಿ ಸ್ಟೆಮ್ ಬದಲಿಸಿದವರಿಗೆ ಇದು. ಮುಂದಿನ ಬ್ರೇಕ್ ಹಿಡಿದು, ಹೆಡ್‌ಸೆಟ್ (ಸ್ಟೆಮ್ ಕೆಳಗೆ ಫೋರ್ಕ್ ತಿರುಗುವ ಬೇರಿಂಗ್) ಮೇಲೆ ಬೆರಳಿಟ್ಟು, ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಬೆರಳಿಗೆ ಕುಲುಕು ತಾಗಿದರೆ ಹೆಡ್‌ಸೆಟ್ ಸಡಿಲ. ಸ್ಟೆಮ್ ಪಕ್ಕದ ಎರಡು ಬೋಲ್ಟ್ ಸಡಿಲಿಸಿ, ಮೇಲಿನ ಟೋಪಿಯ ಬೋಲ್ಟನ್ನು ಕುಲುಕು ಹೋಗುವಷ್ಟೇ ತಿರುಗಿಸಿ, ಹ್ಯಾಂಡಲ್ ನೇರ ಮಾಡಿ, ಆಮೇಲೆ ಪಕ್ಕದ ಬೋಲ್ಟ್ ಬಿಗಿ ಮಾಡಿ. ಈ ಕ್ರಮ ತಪ್ಪಬಾರದು. ಫೋರ್ಕಿನ ಕೊಳವೆ ಕಾರ್ಬನ್ ಆಗಿದ್ದರೆ ಟಾರ್ಕ್ ಸ್ಪ್ಯಾನರ್ ಇರುವವರ ಕೈಗೆ ಕೊಡಿ.

ಮಣಿಕಟ್ಟು ನೋವು, ಬೆರಳು ಜೋಮು, ಸೈಕಲ್ ಗಿಡ್ಡವಾದ ಹಾಗೆ

ಡ್ರಾಪ್ ಹ್ಯಾಂಡಲ್‌ನಲ್ಲಿ ಕೈ ಲಿವರಿನ ಮೇಲಿರುತ್ತಿತ್ತು, ಅಂದರೆ ಸ್ಟೆಮ್‌ಗಿಂತ ಸುಮಾರು ಒಂದು ಮುಷ್ಟಿ ಮುಂದೆ. ನೇರ ಹ್ಯಾಂಡಲ್‌ನಲ್ಲಿ ಅದು ಹಿಂದಕ್ಕೆ ಬಂತು. ಸೈಕಲ್ ಚಿಕ್ಕದಾದ ಹಾಗೆ ಅನಿಸೋದು ಸಹಜ. ಒಂದು ವಾರ ಹಾಗೇ ಓಡಿಸಿ. ಆಮೇಲೂ ಮುದುಡಿ ಕೂತ ಹಾಗಿದ್ದರೆ ಈಗಿರುವುದಕ್ಕಿಂತ 2 ಸೆಂ.ಮೀ. ಹೆಚ್ಚು ಉದ್ದದ ಸ್ಟೆಮ್ ಹಾಕಿ ನೋಡಿ.

ಜೋಮಿಗೆ ಮೊದಲು ಲಿವರ್ ಕೋನ ನೋಡಿ. ಸೀಟ್ ಮೇಲೆ ಕೂತು ಬೆರಳು ಲಿವರ್ ಮೇಲಿಟ್ಟಾಗ ಮೊಣಕೈಯಿಂದ ಬೆರಳಿನವರೆಗೆ ಒಂದೇ ಗೆರೆ ಇರಬೇಕು. ಲಿವರ್ ಅಡ್ಡಡ್ಡ ಮಲಗಿದ್ದರೆ ಮಣಿಕಟ್ಟು ಮೇಲಕ್ಕೆ ಮುರಿಯುತ್ತದೆ. ಎರಡು ಅಲೆನ್ ಬೋಲ್ಟ್ ಸಡಿಲಿಸಿ ಕೆಳಕ್ಕೆ ತಿರುಗಿಸಿದರೆ ಸಾಕು. ಸೀಟಿನ ಮೂತಿ ಕೆಳಗಿದ್ದರೆ ಮೈಭಾರವೆಲ್ಲ ಕೈಗೆ ಬರುತ್ತದೆ, ಮಟ್ಟ ಮಾಡಿ. ಕಿರುಬೆರಳು, ಉಂಗುರ ಬೆರಳು ಮಾತ್ರ ಜೋಮು ಹಿಡಿದರೆ ಅಂಗೈಯ ಹೊರ ಅಂಚಿನ ನರ ಒತ್ತುತ್ತಿದೆ. ಅಲ್ಲಿ ಅಗಲವಾಗಿರುವ ಗ್ರಿಪ್ ಹಾಕಿದರೆ ಆರಾಮ ಸಿಗುತ್ತದೆ. ಸೈಕಲ್ ಇಳಿದು ಎಷ್ಟೋ ಹೊತ್ತಾದರೂ ಜೋಮು ಹೋಗದಿದ್ದರೆ, ಕೈಯಲ್ಲಿ ಹಿಡಿದ ಲೋಟ ಜಾರುವ ಹಾಗಾದರೆ, ಸೈಕಲ್ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ಹ್ಯಾಂಡಲ್ ತೀರಾ ಅಗಲ ಇದ್ದರೂ ಭುಜ ನೋಯುತ್ತದೆ, ಟ್ರಾಫಿಕ್‌ನಲ್ಲಿ ಸಂದಿಯೂ ಸಿಗೋದಿಲ್ಲ. ನನಗೆ 58 ಸೆಂ.ಮೀ. ಹಿತವಾಯಿತು. ಕತ್ತರಿಸುವ ಮೊದಲು ಲಿವರ್, ಗ್ರಿಪ್ ಒಳಕ್ಕೆ ಸರಿಸಿ ಎರಡು ದಿನ ಓಡಿಸಿ ನೋಡಿ. ಆಮೇಲೆ ಒಂದೊಂದು ಕಡೆ 1 ಸೆಂ.ಮೀ. ಮಾತ್ರ ಕತ್ತರಿಸಿ. ಕತ್ತರಿಸಿದ ತುದಿಗೆ ಪ್ಲಗ್ ಹಾಕದೆ ರಸ್ತೆಗೆ ಇಳಿಯಬೇಡಿ. ಬಿದ್ದಾಗ ಬಾಯ್ತೆರೆದ ಕೊಳವೆ ಹೊಟ್ಟೆಗೆ ನೆಟ್ಟರೆ ಗಾಯ ಆಳವಾಗುತ್ತದೆ.

ಮಳೆಯಲ್ಲಿ ಗ್ರಿಪ್ ಸುತ್ತುತ್ತದೆ

ಒಳಗೆ ನೀರು ಹೋಗಿದೆ, ಅಥವಾ ಹಾಕುವಾಗ ಎಣ್ಣೆ ಬಳಸಿದ್ದೀರಿ. ತೆಗೆದು ಒರೆಸಿ ಒಣಗಿಸಿ ಹಾಕಿ. ಮತ್ತೆ ಸುತ್ತಿದರೆ ಬೋಲ್ಟ್ ಇರುವ ಗ್ರಿಪ್ ತನ್ನಿ. ಸುತ್ತುವ ಗ್ರಿಪ್ ಇಟ್ಟುಕೊಂಡು ಓಡಿಸಬೇಡಿ, ಹಂಪಿನ ಮೇಲೆ ಕೈ ಕಳಚುತ್ತದೆ.

ಎಣ್ಣೆಯ ಡಿಸ್ಕ್ ಬ್ರೇಕ್, ಲಿವರ್ ಸ್ಪಂಜಿನ ಹಾಗೆ

ಪೈಪಿನೊಳಗೆ ಗಾಳಿ ಸೇರಿದೆ. ಇದನ್ನು ಮನೆಯಲ್ಲಿ ಕಲಿಯುವ ಮೊದಲ ಕೆಲಸ ಮಾಡಿಕೊಳ್ಳಬೇಡಿ. ಶಿಮಾನೊಗೆ ಮಿನರಲ್ ಆಯಿಲ್, ಬೇರೆ ಕೆಲವಕ್ಕೆ ಡಾಟ್ ಫ್ಲೂಯಿಡ್. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಸೀಲ್‌ಗಳು ಊದಿ ಬ್ರೇಕೇ ಹಾಳಾಗುತ್ತದೆ. ಅಂಗಡಿಗೆ ಕೊಡುವಾಗ ಲಿವರ್ ಯಾವುದು, ಕ್ಯಾಲಿಪರ್ ಯಾವುದು ಅಂತ ಎರಡರ ಮೇಲಿನ ನಂಬರನ್ನೂ ಚೀಟಿಯಲ್ಲಿ ಬರೆದುಕೊಡಿ. ವಾಪಸ್ ತೆಗೆದುಕೊಳ್ಳುವಾಗ ಅಂಗಡಿಯ ಮುಂದೆಯೇ ಲಿವರನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ನಿಧಾನವಾಗಿ ಒಳಗೆ ಕುಸಿದರೆ ಅಲ್ಲೇ ವಾಪಸ್ ಕೊಡಿ.